‘ಇಎಸ್‌ಬಿಎಲ್ ಪಾಸಿಟಿವ್’ ಅಂದರೆ ಏನು? ಅಮ್ಮನ ಮೈಗೆ ಮಾತ್ರೆ ಒಗ್ಗಿಹೋಗಿದೆಯಾ?

ಹೊಳೆದಂಡೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಈ ವರ್ಷ ಇದು ಮೂರನೇ ಸಲ ಉರಿಮೂತ್ರ, ಚಳಿಜ್ವರ. ಮೊದಲೆರಡು ಸಲ ಸೆಫಿಕ್ಸಿಮ್ ಮಾತ್ರೆಯಲ್ಲೇ ಕಡಿಮೆ ಆಗಿತ್ತು. ಈ ಸಲ ಹಳೇ ಚೀಟಿ ತೋರಿಸಿ ನಾನೇ ಅಂಗಡಿಯಿಂದ ಅದೇ ಮಾತ್ರೆ ತಂದುಕೊಟ್ಟೆ. ನಾಲ್ಕು ದಿನ ನುಂಗಿದರೂ ಜ್ವರ ಇಳಿಯಲಿಲ್ಲ. ಐದನೇ ದಿನ ಬೆನ್ನಿನ ಒಂದು ಪಕ್ಕ ನೋವು ಶುರುವಾಯಿತು, ಶಿವಮೊಗ್ಗಕ್ಕೆ ಕರೆದುಕೊಂಡು ಓಡಿದೆ. ಮೂತ್ರ ಕಲ್ಚರ್‌ಗೆ ಕೊಟ್ಟು ಮೂರನೇ ದಿನ ರಿಪೋರ್ಟ್ ಬಂತು. ಇ. ಕೋಲೈ ಅಂತ ಇದೆ, ಕೆಳಗೆ ‘ಇಎಸ್‌ಬಿಎಲ್ ಪಾಸಿಟಿವ್’. ಔಷಧಿಗಳ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರಿನ ಎದುರು ‘ಆರ್’. ಅಡ್ಮಿಟ್ ಮಾಡಿಕೊಂಡು ಇಂಜೆಕ್ಷನ್ ಕೊಡುತ್ತಿದ್ದಾರೆ. ಡಾಕ್ಟರ್ ಹತ್ತಿರ ಜನ ಜಾಸ್ತಿ, ನಿಂತು ಕೇಳುವುದಕ್ಕೆ ಆಗಲಿಲ್ಲ. ನೋಡಲು ಬಂದ ಚಿಕ್ಕಪ್ಪ ‘ಅತ್ತಿಗೆ ಮೈಗೆ ಮಾತ್ರೆ ಒಗ್ಗಿಹೋಗಿದೆ, ಇನ್ನು ಯಾವುದೂ ಹಿಡಿಯಲ್ಲ’ ಅಂದುಬಿಟ್ಟರು. ಅಮ್ಮ ಅದನ್ನೇ ಹಿಡಿದುಕೊಂಡು ಊಟ ಬಿಟ್ಟಿದ್ದಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಲ್ಯಾಬ್ ಅಕ್ಕ, ಶಿವಮೊಗ್ಗ

ತಮ್ಮಾ, ಮೊದಲು ಇದನ್ನು ಅಮ್ಮನಿಗೆ ಓದಿ ಹೇಳು. ಅವರ ಮೈಗೆ ಏನೂ ಒಗ್ಗಿಲ್ಲ. ಮಾತ್ರೆ ಹಾಳು ಮಾಡುತ್ತಿರುವುದು ಅವರ ಮೂತ್ರದಲ್ಲಿರುವ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಬೇರೆ ಬ್ಯಾಕ್ಟೀರಿಯಾದಿಂದ ಅಮ್ಮನಿಗೆ ಸೋಂಕು ಬಂದರೆ ಅದೇ ಸೆಫಿಕ್ಸಿಮ್ ಕೆಲಸ ಮಾಡಬಹುದು.

ನಾನು ಕಲ್ಚರ್ ವಿಭಾಗದಲ್ಲಿ ಕೆಲಸ ಮಾಡುವವಳು, ದಿನಾ ಇದೇ ನೋಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬ್ಯಾಕ್ಟೀರಿಯಾಕ್ಕೆ ಹೊರಗೆ ಒಂದು ಗೋಡೆ ಇರುತ್ತದೆ. ನಮ್ಮ ಕಡೆ ಅಡಿಕೆ ದಬ್ಬೆ ಬೇಲಿ ಇರುತ್ತದಲ್ಲ, ಸಾಲಾಗಿ ದಬ್ಬೆ ನಿಲ್ಲಿಸಿ ಅಡ್ಡ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದು, ಹೆಚ್ಚುಕಡಿಮೆ ಹಾಗೆ. ಸಕ್ಕರೆಯ ಉದ್ದ ಎಳೆಗಳು, ಅವುಗಳ ನಡುವೆ ಅಡ್ಡ ಕಟ್ಟು. ಆ ಕಟ್ಟು ಹಾಕುವ ಕೆಲಸಕ್ಕೆ ಬ್ಯಾಕ್ಟೀರಿಯಾ ಕೆಲವು ಕಿಣ್ವ ಇಟ್ಟುಕೊಂಡಿರುತ್ತದೆ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಲ್ಲ ಒಂದೇ ಕುಟುಂಬ. ಇವು ಹೋಗಿ ಆ ಕಟ್ಟುವ ಕಿಣ್ವದ ಬಾಯಿಗೆ ಸಿಕ್ಕಿಕೊಂಡು ಅಲ್ಲೇ ಕೂತುಬಿಡುತ್ತವೆ. ಕಟ್ಟು ಬೀಳುವುದಿಲ್ಲ, ಗೋಡೆ ಸಡಿಲ ಆಗುತ್ತದೆ, ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ, ಹಾಗಾಗಿ ನಮಗೆ ಏಟು ಬೀಳುವುದಿಲ್ಲ.

ಅಮ್ಮನ ಇ. ಕೋಲೈ ಇನ್ನೊಂದು ಕಿಣ್ವ ಮಾಡುತ್ತಿದೆ. ಹೆಸರು ಬೀಟಾ ಲ್ಯಾಕ್ಟಮೇಸ್. ಔಷಧಿ ಗೋಡೆ ಕಟ್ಟುವ ಜಾಗ ಮುಟ್ಟುವ ಮೊದಲೇ ಇದು ಅದನ್ನು ಹಿಡಿದು ಮುರಿದುಹಾಕುತ್ತದೆ. ಹಳೇ ಬೀಟಾ ಲ್ಯಾಕ್ಟಮೇಸ್‌ಗಳು ಪೆನಿಸಿಲಿನ್ ಮತ್ತು ಮೊದಲ ಕಾಲದ ಕೆಲವು ಸೆಫಲೋಸ್ಪೊರಿನ್‌ಗಳನ್ನು ಮಾತ್ರ ಮುರಿಯುತ್ತಿದ್ದವು. ‘ಇಎಸ್‌ಬಿಎಲ್’ ಅಂದರೆ ಕೈ ಉದ್ದ ಆದ ಬೀಟಾ ಲ್ಯಾಕ್ಟಮೇಸ್ ಅಂದುಕೋ. ಸೆಫಿಕ್ಸಿಮ್, ಸೆಫೋಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕೂಡ ಅದರ ಕೈಗೆ ಸಿಗುತ್ತವೆ. ಮೆರೋಪೆನೆಮ್ ಗುಂಪು ಅದಕ್ಕೆ ಸಿಗುವುದಿಲ್ಲ. ರಿಪೋರ್ಟ್‌ನಲ್ಲಿ ‘ಆರ್’ ಅಂದರೆ ಆ ಔಷಧಿ ಹಿಡಿಯುವುದಿಲ್ಲ, ‘ಎಸ್’ ಅಂದರೆ ಹಿಡಿಯುತ್ತದೆ. ಮೆರೋಪೆನೆಮ್ ಎದುರು ‘ಎಸ್’ ಇದೆಯಾ ನೋಡು.

ಹೊಳೆದಂಡೆ, ತೀರ್ಥಹಳ್ಳಿ

ಇದೆ ಅಕ್ಕಾ. ಮೆರೋಪೆನೆಮ್, ಅಮಿಕಾಸಿನ್, ಫಾಸ್ಫೋಮೈಸಿನ್, ನೈಟ್ರೋಫ್ಯೂರಾಂಟೊಯಿನ್, ನಾಲ್ಕಕ್ಕೂ ‘ಎಸ್’. ಕೊಡುತ್ತಿರುವುದು ಮೆರೋಪೆನೆಮ್. ಹಾಗಾದರೆ ನೈಟ್ರೋಫ್ಯೂರಾಂಟೊಯಿನ್ ಮಾತ್ರೆಯಲ್ಲೇ ಮುಗಿಸಬಹುದಿತ್ತಲ್ವಾ? ಅಮ್ಮನಿಗೆ ಸೂಜಿ ಕಂಡರೆ ಆಗಲ್ಲ.

ಲ್ಯಾಬ್ ಅಕ್ಕ, ಶಿವಮೊಗ್ಗ

ಬರೀ ಉರಿಮೂತ್ರ ಆಗಿದ್ದರೆ ಅದು ಒಳ್ಳೆ ಮಾತ್ರೆ. ಅದು ಮೂತ್ರಕೋಶದಲ್ಲಿ ಸಾಕಷ್ಟು ಸೇರುತ್ತದೆ. ಆದರೆ ಚಳಿಜ್ವರ, ಪಕ್ಕೆ ನೋವು ಅಂದೆಯಲ್ಲ, ಸೋಂಕು ಕಿಡ್ನಿಗೆ ಏರಿರಬಹುದು. ಕಿಡ್ನಿಯ ಮಾಂಸದೊಳಗೆ ನೈಟ್ರೋಫ್ಯೂರಾಂಟೊಯಿನ್ ಬೇಕಾದಷ್ಟು ಸೇರುವುದಿಲ್ಲ. ‘ಎಸ್’ ಅಂತ ಇದ್ದರೂ ಅದು ನಮ್ಮ ತಟ್ಟೆಯ ಮೇಲಿನ ಮಾತು, ಮೈಯೊಳಗೆ ಯಾವ ಜಾಗ ಅನ್ನುವುದನ್ನು ಡಾಕ್ಟರೇ ನೋಡಬೇಕು. ಅವರು ಸರಿಯಾಗಿಯೇ ಕೊಟ್ಟಿದ್ದಾರೆ.

ರಸಾಯನ ಮೇಷ್ಟ್ರು, ಸಾಗರ

ಅಕ್ಕ ‘ಮುರಿದುಹಾಕುತ್ತದೆ’ ಅಂದರಲ್ಲ, ಅಲ್ಲೇ ಇದರ ಜೀವಾಳ ಇದೆ. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಈ ಭಾಗ ನನಗೆ ತುಂಬ ಇಷ್ಟ, ಹೇಳದೆ ಇರಲು ಆಗಲ್ಲ.

ಈ ಔಷಧಿಗಳೆಲ್ಲದರ ನಡುವೆ ಒಂದು ಪುಟ್ಟ ಉಂಗುರ ಇದೆ. ನಾಲ್ಕೇ ಮೂಲೆ: ಮೂರು ಇಂಗಾಲ, ಒಂದು ಸಾರಜನಕ. ಅದೇ ಬೀಟಾ ಲ್ಯಾಕ್ಟಮ್ ಉಂಗುರ. ಇಂಗಾಲದ ಬಂಧಗಳಿಗೆ ಸಾಮಾನ್ಯವಾಗಿ 109 ಡಿಗ್ರಿಯೋ 120 ಡಿಗ್ರಿಯೋ ಕೋನ ಹಿತ. ಇಲ್ಲಿ 90 ಡಿಗ್ರಿ ಹತ್ತಿರಕ್ಕೆ ಬಗ್ಗಿಸಿಟ್ಟಿದೆ. ಹಸಿ ಬಿದಿರನ್ನು ಬಗ್ಗಿಸಿ ಹಗ್ಗ ಬಿಗಿದ ಬಿಲ್ಲಿನ ಹಾಗೆ, ತಾಗಿದರೆ ಸಾಕು ಬಿಚ್ಚಿಕೊಳ್ಳುತ್ತದೆ. ಗೋಡೆ ಕಟ್ಟುವ ಕಿಣ್ವದ ಒಳಗೆ ಸೆರೀನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ಅದು ಉಂಗುರಕ್ಕೆ ತಾಗುತ್ತದೆ, ಉಂಗುರ ಬಿಚ್ಚುತ್ತದೆ, ಬಿಚ್ಚಿದ ತುದಿ ಸೆರೀನ್‌ಗೆ ಅಂಟಿಕೊಳ್ಳುತ್ತದೆ. ಗಂಟೆಗಟ್ಟಲೆ ಬಿಡುವುದಿಲ್ಲ. ಔಷಧಿ ಕೆಲಸ ಮಾಡುವ ಬಗೆಯೇ ಇದು.

ಈಗ ಬೀಟಾ ಲ್ಯಾಕ್ಟಮೇಸ್ ನೋಡಿ. ಬಹುಪಾಲು ಬೀಟಾ ಲ್ಯಾಕ್ಟಮೇಸ್‌ಗಳ ಒಳಗೂ ಅದೇ ಸೆರೀನ್. ಉಂಗುರ ಹಾಗೇ ಬಿಚ್ಚುತ್ತದೆ, ಹಾಗೇ ಅಂಟಿಕೊಳ್ಳುತ್ತದೆ. ಆದರೆ ಈ ಕಿಣ್ವ ತನ್ನ ಪಕ್ಕದಲ್ಲೇ ಒಂದು ನೀರಿನ ಅಣುವನ್ನು ಇಟ್ಟುಕೊಂಡಿರುತ್ತದೆ. ಆ ನೀರು ಬಂದು ಅಂಟನ್ನು ಬಿಡಿಸಿಬಿಡುತ್ತದೆ. ಮುರಿದ ಔಷಧಿ ಹೊರಗೆ, ಕಿಣ್ವ ಮತ್ತೆ ಖಾಲಿ, ಮುಂದಿನದಕ್ಕೆ ರೆಡಿ. ಟೆಮ್-1 ಅನ್ನುವ ಸಾಮಾನ್ಯ ಬೀಟಾ ಲ್ಯಾಕ್ಟಮೇಸ್‌ನ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಪೆನಿಸಿಲಿನ್ ಅಣುಗಳನ್ನು ಮುರಿಯುತ್ತದೆ. ಗೋಡೆ ಕಟ್ಟುವ ಕಿಣ್ವವೇ ಕೋಟ್ಯಂತರ ವರ್ಷಗಳಲ್ಲಿ ಮಾರ್ಪಟ್ಟು ಹೀಗಾಗಿದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಎರಡರ ಆಕಾರ ಪಕ್ಕಪಕ್ಕ ಇಟ್ಟು ನೋಡಿದರೆ ಅಣ್ಣ ತಮ್ಮ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಈ ಕಿಣ್ವವನ್ನು ಮೊದಲು ವರದಿ ಮಾಡಿದ್ದು 1940ರಲ್ಲಿ, ಅಬ್ರಹಾಂ ಮತ್ತು ಚೈನ್. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೇ ಬಂದಿರಲಿಲ್ಲ. ನಾವು ಔಷಧಿ ಬಳಸುವ ಮೊದಲೇ ಅದನ್ನು ಮುರಿಯುವವರು ಇದ್ದರು!

ತೋಟದಮನೆ, ಕೊಪ್ಪ

ಬಳಸುವ ಮೊದಲೇ ಇತ್ತು ಅಂದರೆ ನಾವು ಜಾಸ್ತಿ ತಿಂದಿದ್ದಕ್ಕೆ ಬಂತು ಅನ್ನುವುದು ಸುಳ್ಳಾ?

ರಸಾಯನ ಮೇಷ್ಟ್ರು, ಸಾಗರ

ಸುಳ್ಳಲ್ಲ. ಕಿಣ್ವ ಹಳೆಯದು, ಅದು ಆಸ್ಪತ್ರೆ ತುಂಬಿದ್ದು ಹೊಸದು. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷದಿಂದ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಔಷಧಿ ನಿರೋಧಕ ಜೀನ್‌ಗಳು ಸಿಕ್ಕಿವೆ, 2011ರಲ್ಲಿ ಅದರ ವರದಿ ಬಂತು. ಮೊದಲ ಮಳೆಗೆ ನಮ್ಮ ಕಾಡಿನ ಮಣ್ಣು ಘಮ್ ಅನ್ನುತ್ತದಲ್ಲ, ಆ ಪರಿಮಳದ ವಸ್ತು ಜಿಯೋಸ್ಮಿನ್, ಅದನ್ನು ಹೆಚ್ಚಾಗಿ ಮಾಡುವುದು ಸ್ಟ್ರೆಪ್ಟೋಮೈಸಿಸ್ ಅನ್ನುವ ಬ್ಯಾಕ್ಟೀರಿಯಾ ಗುಂಪು. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಬಂದದ್ದೂ ಇದೇ ಗುಂಪಿನಿಂದ. ಮಣ್ಣಿನಲ್ಲಿ ಒಬ್ಬರು ಆ್ಯಂಟಿಬಯೋಟಿಕ್ ಮಾಡುತ್ತಾರೆ, ಪಕ್ಕದವರು ಅದನ್ನು ಮುರಿಯಲು ಕಿಣ್ವ ಮಾಡುತ್ತಾರೆ. ಅಮ್ಮನ ಇಎಸ್‌ಬಿಎಲ್ ಬಹುಶಃ ಸಿಟಿಎಕ್ಸ್-ಎಂ ಗುಂಪಿನದು, ಈಗ ಎಲ್ಲ ಕಡೆ ಜಾಸ್ತಿ ಇರುವುದು ಅದೇ. ಅದರ ಜೀನ್ ಮೂಲದಲ್ಲಿ ಕ್ಲೂಯ್ವೆರಾ ಅನ್ನುವ ಬೇರೆ ಬ್ಯಾಕ್ಟೀರಿಯಾದ್ದು. ಅಲ್ಲಿಂದ ಹಾರಿ ಇ. ಕೋಲೈಗೆ ಬಂದಿದೆ.

ತೋಟದಮನೆ, ಕೊಪ್ಪ

ಹಾರಿ ಅಂದರೆ ಹೇಗೆ ಮಾರಾಯ್ರೆ?

ಲ್ಯಾಬ್ ಅಕ್ಕ, ಶಿವಮೊಗ್ಗ

ಪ್ಲಾಸ್ಮಿಡ್ ಅಂತ ಒಂದು ಚಿಕ್ಕ ಡಿಎನ್ಎ ಉಂಗುರ ಇರುತ್ತದೆ, ಬ್ಯಾಕ್ಟೀರಿಯಾದ ಮುಖ್ಯ ಡಿಎನ್ಎಗಿಂತ ಬೇರೆ. ಎರಡು ಬ್ಯಾಕ್ಟೀರಿಯಾ ಹತ್ತಿರ ಬಂದಾಗ ಒಂದು ಎಳೆ ಚಾಚಿ, ಅಂಟಿಕೊಂಡು, ಅದರ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಮನೆಯಿಂದ ಮನೆಗೆ ಹೆಪ್ಪು ಕೊಟ್ಟ ಹಾಗೆ, ಕೊಟ್ಟವರ ಮನೆಯಲ್ಲಿ ಕಡಿಮೆ ಆಗುವುದಿಲ್ಲ. ಜಾತಿ ಬೇರೆ ಆದರೂ ನಡೆಯುತ್ತದೆ, ಇ. ಕೋಲೈನಿಂದ ಕ್ಲೆಬ್ಸಿಯೆಲ್ಲಾಗೆ ಹೋಗಬಹುದು. ಒಂದೇ ಪ್ಲಾಸ್ಮಿಡ್ ಮೇಲೆ ನಾಲ್ಕೈದು ಔಷಧಿಗಳ ನಿರೋಧಕ ಜೀನ್ ಒಟ್ಟಿಗೆ ಕೂತಿರುತ್ತವೆ. ಸೆಫಿಕ್ಸಿಮ್ ಎದುರು ‘ಆರ್’ ಬಂದಾಗ ಕೋಟ್ರೈಮಾಕ್ಸಜೋಲ್ ಅನ್ನುವ ಬೇರೆ ಗುಂಪಿನ ಔಷಧಿ ಎದುರೂ ಎಷ್ಟೋ ಸಲ ‘ಆರ್’ ಬರುವುದು ಅದಕ್ಕೇ.

ಇನ್ನು ಲೆಕ್ಕ ನೋಡಿ. ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೆ ಎರಡಾಗುತ್ತದೆ. 10 ಗಂಟೆಯಲ್ಲಿ 30 ಸಲ. ಒಂದೇ ಒಂದು ಇದ್ದದ್ದು 107 ಕೋಟಿ ದಾಟುತ್ತದೆ. ಹೊಟ್ಟೆಯಲ್ಲಿ ಅಷ್ಟು ಸಲೀಸಾಗಿ ಬೆಳೆಯಲು ಉಳಿದ ಬ್ಯಾಕ್ಟೀರಿಯಾ ಬಿಡುವುದಿಲ್ಲ, ಜಾಗ ತುಂಬಿಕೊಂಡಿರುತ್ತವೆ. ನೆಗಡಿಗೆ, ಗಂಟಲು ಕೆರೆತಕ್ಕೆ ಅಂತ ಸುಮ್ನೆ ಆ್ಯಂಟಿಬಯೋಟಿಕ್ ನುಂಗಿದಾಗ ಸಾಯುವುದು ಆ ಬಡಪಾಯಿಗಳು. ಕಿಣ್ವ ಇಟ್ಟುಕೊಂಡದ್ದಕ್ಕೆ ಜಾಗ ಖಾಲಿ ಸಿಗುತ್ತದೆ. ಅದೇ ಮುಂದೆ ಒಂದು ದಿನ ಮೂತ್ರದ ದಾರಿಗೆ ಇಳಿಯುತ್ತದೆ.

ಕೊಟ್ಟಿಗೆಮನೆ, ಹೊಸನಗರ

ಅಕ್ಕ ಹೆಪ್ಪು ಅಂದ ಕೂಡಲೇ ನಮ್ಮ ಮನೆಯದು ನೆನಪಾಯಿತು. ಹೋದ ಮಳೆಗಾಲದಲ್ಲಿ ನಮ್ಮ ಜರ್ಸಿ ಹಸುವಿಗೆ ಕೆಚ್ಚಲು ಬಾವು. ಹಾಲಲ್ಲಿ ಬಿಳಿ ತುಣುಕು ಬರುತ್ತಿತ್ತು, ಕೆಚ್ಚಲಿನ ಒಂದು ಭಾಗ ಮುಟ್ಟಿದರೆ ಬಿಸಿ. ಪಶು ಡಾಕ್ಟರು ಬಂದು ಟ್ಯೂಬ್ ಏರಿಸಿದರು, ಇಂಜೆಕ್ಷನ್ ಹಾಕಿದರು, ಇಂತಿಷ್ಟು ದಿನ ಹಾಲು ಬಳಸಬೇಡಿ ಅಂದರು. ಡೈರಿಗೆ ಕೊಡಲಿಲ್ಲ, ಆದರೆ ಮನೆಗೆ ಕಾಯಿಸಿ ಬಳಸಿದರೆ ಏನಾಗುತ್ತದೆ ಅಂತ ನನ್ನ ಹೆಂಡತಿ ಅಂದಳು, ನಾನೂ ಹೂಂ ಅಂದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಲಾಗಿಯೇ ಇತ್ತು. ಚಳಿ ಇರಬೇಕು ಅಂತ ಮಾರನೇ ದಿನ ಪಾತ್ರೆಗೆ ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಟೆವು. ಆಗಲೂ ಹಾಲು ಹಾಲೇ, ಒಂಚೂರು ಹುಳಿ ಇಲ್ಲ. ಪಕ್ಕದ ಮನೆಯಿಂದ ಬೇರೆ ಹೆಪ್ಪು ತಂದರೂ ಅಷ್ಟೇ. ಬೇರೆ ಹಸುವಿನ ಹಾಲಿಗೆ ಅದೇ ಹೆಪ್ಪು ಹಾಕಿದರೆ ಗಟ್ಟಿ ಮೊಸರು. ಆಗ ಗೊತ್ತಾಯಿತು.

ಲ್ಯಾಬ್ ಅಕ್ಕ, ಶಿವಮೊಗ್ಗ

ನೀವು ಮನೆಯಲ್ಲೇ ನಮ್ಮ ಲ್ಯಾಬಿನ ಪರೀಕ್ಷೆ ಮಾಡಿದ್ದೀರಿ ಅಣ್ಣಾ. ಹೆಪ್ಪಿನಲ್ಲಿರುವುದು ಬ್ಯಾಕ್ಟೀರಿಯಾ. ಹಾಲಿನಲ್ಲಿ ಉಳಿದ ಔಷಧಿ ಅವನ್ನು ಬೆಳೆಯಲು ಬಿಡಲಿಲ್ಲ. ಕಾಯಿಸಿದರೆ ಪೆನಿಸಿಲಿನ್ ಪೂರ್ತಿ ಹೋಗುವುದಿಲ್ಲ, ದೊಡ್ಡ ಪಾಲು ಹಾಗೇ ಉಳಿಯುತ್ತದೆ. ಆ ಹಾಲನ್ನು ದಯವಿಟ್ಟು ಕರುವಿಗೂ ಕುಡಿಸಬೇಡಿ. ಕರುವಿನ ಹೊಟ್ಟೆಯಲ್ಲಿ ಕಿಣ್ವ ಇರುವ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತದೆ, ಸಗಣಿ ಗೊಬ್ಬರದ ಗುಂಡಿಗೆ, ಗೊಬ್ಬರ ತೋಟಕ್ಕೆ.

ಇದರ ಉಲ್ಟಾ ಮೋಸವೂ ನಡೆದಿದೆ. ಡೈರಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳಬಾರದು ಅಂತ ಹಾಲಿಗೆ ಬೀಟಾ ಲ್ಯಾಕ್ಟಮೇಸನ್ನೇ ಬೆರೆಸುವುದು! ಚೀನಾದಲ್ಲಿ ಇದನ್ನು 2009ರಲ್ಲಿ ಹಾಲಿಗೆ ಬೆರೆಸಬಾರದ ವಸ್ತುಗಳ ಪಟ್ಟಿಗೆ ಸೇರಿಸಬೇಕಾಯಿತು.

ಹೊಳೆದಂಡೆ, ತೀರ್ಥಹಳ್ಳಿ

ಅಕ್ಕಾ, ಅಮ್ಮನ ಬ್ಯಾಕ್ಟೀರಿಯಾ ಈ ಕಿಣ್ವ ಮಾಡುತ್ತದೆ ಅಂತ ಲ್ಯಾಬಲ್ಲಿ ಹೇಗೆ ಕಂಡುಹಿಡಿಯುತ್ತೀರಿ? ಕಿಣ್ವ ಕಣ್ಣಿಗೆ ಕಾಣುತ್ತದಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಕಿಣ್ವ ಕಾಣುವುದಿಲ್ಲ, ಅದು ಮಾಡಿದ ಕೆಲಸ ಕಾಣುತ್ತದೆ. ಅಗರ್ ತಟ್ಟೆ ಮೇಲೆ ಅಮ್ಮನ ಬ್ಯಾಕ್ಟೀರಿಯಾವನ್ನು ಹತ್ತಿ ಕಡ್ಡಿಯಿಂದ ಇಡೀ ಸವರುತ್ತೇವೆ. ನಡುವೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ (ಈ ಕಿಣ್ವವನ್ನು ಕಟ್ಟಿಹಾಕುವ ವಸ್ತು) ಇರುವ ಕಾಗದದ ಚಿಕ್ಕ ಬಿಲ್ಲೆ. ಅದರ ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್ ಬಿಟ್ಟು ಸೆಫೋಟಾಕ್ಸಿಮ್ ಬಿಲ್ಲೆ. ರಾತ್ರಿಯಿಡೀ 35 ಡಿಗ್ರಿಯಲ್ಲಿ ಇಟ್ಟು ಬೆಳಿಗ್ಗೆ ತೆಗೆದಾಗ ತಟ್ಟೆ ತುಂಬ ತೆಳು ಕೆನೆ ಕಟ್ಟಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ. ಇಎಸ್‌ಬಿಎಲ್ ಇದ್ದರೆ ಸೆಫೋಟಾಕ್ಸಿಮ್ ಸುತ್ತ ವೃತ್ತ ಚಿಕ್ಕದು, ಆದರೆ ಕ್ಲಾವುಲಾನಿಕ್ ಕಡೆಗೆ ಮಾತ್ರ ಅದು ಉಬ್ಬಿ ಚಾಚಿಕೊಂಡಿರುತ್ತದೆ, ಹಳೇ ಬೀಗದ ಕೈ ತೂರಿಸುವ ಕಂಡಿಯ ಆಕಾರ. ಎಷ್ಟು ವರ್ಷ ಆದರೂ ನನಗೆ ಅದನ್ನು ನೋಡಿದಾಗ ಮೈ ಜುಮ್ ಅನ್ನುತ್ತದೆ. ಕ್ಲಾವುಲಾನಿಕ್ ಆಸಿಡ್ ಹರಡಿದ ಜಾಗದಲ್ಲಿ ಕಿಣ್ವ ಕೈಕಟ್ಟಿ ಕೂತಿದೆ, ಅಲ್ಲಿ ಔಷಧಿ ಗೆದ್ದಿದೆ.

ನೈಟ್ರೋಸೆಫಿನ್ ಅಂತ ಒಂದು ಪರೀಕ್ಷೆ ಔಷಧಿಯೂ ಇದೆ. ಉಂಗುರ ಗಟ್ಟಿ ಇರುವವರೆಗೆ ಹಳದಿ. ಬೀಟಾ ಲ್ಯಾಕ್ಟಮೇಸ್ ಉಂಗುರ ಮುರಿದ ಕೂಡಲೇ ಕೆಂಪು. ಅರಿಶಿನಕ್ಕೆ ಸುಣ್ಣ ತಾಗಿದ ಹಾಗೆ ಕಣ್ಣೆದುರೇ ತಿರುಗುತ್ತದೆ.

ರಸಾಯನ ಮೇಷ್ಟ್ರು, ಸಾಗರ

ಕ್ಲಾವುಲಾನಿಕ್ ಆಸಿಡ್‌ಗೂ ಅದೇ ನಾಲ್ಕು ಮೂಲೆ ಉಂಗುರ ಇದೆ. ಕಿಣ್ವ ಇದೂ ಔಷಧಿ ಅಂತ ಬಾಯಿ ಹಾಕುತ್ತದೆ, ಉಂಗುರ ಬಿಚ್ಚುತ್ತದೆ, ಆಮೇಲೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಕಿಣ್ವವೇ ಕೆಡುತ್ತದೆ. ಇದನ್ನು ಮಾಡುವುದೂ ಒಂದು ಸ್ಟ್ರೆಪ್ಟೋಮೈಸಿಸ್. ಅಮಾಕ್ಸಿಸಿಲಿನ್ ಜೊತೆ ಸೇರಿಸಿ 1981ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ತಂದದ್ದೇ ಆಗ್ಮೆಂಟಿನ್.

ಮೆಡಿಕಲ್ ಶಾಪ್, ಭದ್ರಾವತಿ

ಚೀಟಿ ಇಲ್ಲದೆ ಕೊಡುವುದು ನಮ್ಮವರ ತಪ್ಪು, ಒಪ್ಪುತ್ತೇನೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್ ಎಲ್ಲ ಎಚ್1 ಪಟ್ಟಿಯಲ್ಲಿವೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿ. 2014ರ ಮಾರ್ಚ್‌ನಿಂದ ಇದು ಜಾರಿಯಲ್ಲಿದೆ. ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟೆವು ಎಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಮಾತ್ರೆ ಪಟ್ಟಿ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ ಅರ್ಥ. ನಾನು ಕೊಡಲ್ಲ ಅಂದರೆ ಜನ ಎದುರಿನ ಅಂಗಡಿಗೆ ಹೋಗುತ್ತಾರೆ. ಎರಡೇ ಮಾತ್ರೆ ಕೊಡಿ ಸಾಕು ಅನ್ನುವವರು ದಿನಕ್ಕೆ ಐದಾರು ಜನ.

ಕಾನುಮನೆ, ಸೊರಬ

ನಮ್ಮ ಕಡೆ ಬೇಸಿಗೆ ಬಂದರೆ ಮಂಗನ ಕಾಯಿಲೆ ಭಯ. 1957ರಲ್ಲಿ ಮೊದಲು ಕಂಡದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಜ್ವರ ಬಂದ ಕೂಡಲೇ ಒಂದು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ಅಭ್ಯಾಸ. ಅದು ತಪ್ಪಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಮಂಗನ ಕಾಯಿಲೆ ವೈರಸ್‌ನಿಂದ ಬರುವುದು. ವೈರಸ್‌ಗೆ ಗೋಡೆಯೇ ಇಲ್ಲ, ಆ್ಯಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಮಳೆಗಾಲದ ಇಲಿ ಜ್ವರ ಬೇರೆ, ಅದು ಬ್ಯಾಕ್ಟೀರಿಯಾದ್ದು, ಅದಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಇವತ್ತಿಗೂ ಚೆನ್ನಾಗಿ ಹಿಡಿಯುತ್ತವೆ, ತಡ ಮಾಡಿದರೆ ಅಪಾಯ. ಎರಡೂ ಶುರುವಿನಲ್ಲಿ ಜ್ವರ, ಮೈಕೈ ನೋವು ಅಂತಲೇ ಬರುತ್ತವೆ. ರಕ್ತ ಪರೀಕ್ಷೆ ಮಾಡಿಸಿ ಅನ್ನುವುದು ಅದಕ್ಕೇ.

ನಗರದ ತಮ್ಮ, ಹೊಸನಗರ

ನನ್ನ ತಂಗಿಗೆ ಹೃದಯದ ವಾಲ್ವ್ ತೊಂದರೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಒಂಬತ್ತು ವರ್ಷದಿಂದ. ಇದನ್ನೆಲ್ಲ ಓದಿ ಹೆದರಿಕೆ ಆಗುತ್ತಿದೆ. ನಿಲ್ಲಿಸಬೇಕಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಬೇಡ, ಬೇಡ. ಒಂದು ಡೋಸನ್ನೂ ತಪ್ಪಿಸಬೇಡಿ. ಆ ಇಂಜೆಕ್ಷನ್ ಗಂಟಲಿಗೆ ಬರುವ ಸ್ಟ್ರೆಪ್ಟೋಕಾಕಸ್ ಪಯೋಜಿನಸ್ ವಿರುದ್ಧ. ಎಂಟು ದಶಕ ಪೆನಿಸಿಲಿನ್ ಬಳಸಿದರೂ ಆ ಬ್ಯಾಕ್ಟೀರಿಯಾ ಬೀಟಾ ಲ್ಯಾಕ್ಟಮೇಸ್ ಇಟ್ಟುಕೊಂಡಿಲ್ಲ. ಪೆನಿಸಿಲಿನ್ ಅದಕ್ಕೆ ಇವತ್ತಿಗೂ ಹಿಡಿಯುತ್ತದೆ. ತಂಗಿಯ ಡಾಕ್ಟರ್ ಹೇಳುವವರೆಗೆ ಮುಂದುವರಿಸಿ.

ಶುಂಠಿ ಗದ್ದೆ, ಶಿಕಾರಿಪುರ

ನಾವು ಶುಂಠಿಗೆ ಸ್ಟ್ರೆಪ್ಟೋಸೈಕ್ಲಿನ್ ಹಾಕುತ್ತೇವೆ, ಬೀಜದ ಗಡ್ಡೆ ನೆನೆಸುವಾಗಲೂ, ಗಿಡ ಸೊರಗಿದಾಗಲೂ. ಮೊದಲಿನ ಹಾಗೆ ಹಿಡಿಯುತ್ತಿಲ್ಲ. ಇದೂ ಅದೇ ಕಿಣ್ವದ ಕತೆಯಾ?

ರಸಾಯನ ಮೇಷ್ಟ್ರು, ಸಾಗರ

ಮೊದಲು ರೋಗ ಯಾವುದು ನೋಡಿಕೊಳ್ಳಿ. ಸೊರಗಿದ ಗಿಡದ ಕಾಂಡ ಅಡ್ಡ ಕತ್ತರಿಸಿ ಗಾಜಿನ ಲೋಟದ ತಿಳಿ ನೀರಿಗೆ ತುದಿ ಮುಳುಗಿಸಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಬ್ಯಾಕ್ಟೀರಿಯಾ ಸೊರಗು. ಇಳಿಯದಿದ್ದರೆ ಗಡ್ಡೆ ಕೊಳೆ ಇರಬಹುದು, ಅದು ಪಿಥಿಯಮ್ ಅನ್ನುವ ಶಿಲೀಂಧ್ರದಂಥ ಜೀವಿಯದ್ದು, ಬ್ಯಾಕ್ಟೀರಿಯಾದ್ದಲ್ಲ, ಅದಕ್ಕೆ ಸ್ಟ್ರೆಪ್ಟೋಸೈಕ್ಲಿನ್ ಹಾಕಿದರೆ ದುಡ್ಡು ದಂಡ. ಅಡಿಕೆ ಕೊಳೆಗೂ ಅದು ನಾಟುವುದಿಲ್ಲ, ಅಲ್ಲಿ ಬೋರ್ಡೋ ದ್ರಾವಣವೇ ಸರಿ.

ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿ 90 ಭಾಗ ಸ್ಟ್ರೆಪ್ಟೋಮೈಸಿನ್, 10 ಭಾಗ ಟೆಟ್ರಾಸೈಕ್ಲಿನ್. ಇವುಗಳಲ್ಲಿ ಬೀಟಾ ಲ್ಯಾಕ್ಟಮ್ ಉಂಗುರ ಇಲ್ಲ, ಹಾಗಾಗಿ ಕಿಣ್ವವೂ ಬೇರೆ. ಸ್ಟ್ರೆಪ್ಟೋಮೈಸಿನ್‌ಗೆ ಬ್ಯಾಕ್ಟೀರಿಯಾ ಮುರಿಯುವ ಗೋಜಿಗೆ ಹೋಗುವುದಿಲ್ಲ. ಒಂದು ಫಾಸ್ಫೇಟ್ ತುಂಡು ತಂದು ಅದಕ್ಕೆ ಅಂಟಿಸುತ್ತದೆ. ಬೀಗದ ಕೈ ಹಲ್ಲಿಗೆ ಮೇಣ ಮೆತ್ತಿದ ಹಾಗೆ, ಕೈ ಇರುತ್ತದೆ, ಬೀಗದೊಳಗೆ ಕೂರುವುದಿಲ್ಲ. ಆದರೆ ಈ ಕಿಣ್ವದ ಜೀನ್ ಗಿಡದ ರೋಗಾಣುಗಳಲ್ಲೂ ಇದೆ, ಮನುಷ್ಯರ ರೋಗಾಣುಗಳಲ್ಲೂ ಇದೆ. ಅಕ್ಕ ಹೇಳಿದ ಹಾಗೆ ಒಂದು ಪ್ಲಾಸ್ಮಿಡ್ ಮೇಲೆ ಹಲವು ಜೀನ್ ಒಟ್ಟಿಗೆ ಕೂರುತ್ತವೆ. ಗದ್ದೆಯಲ್ಲಿ ಸ್ಟ್ರೆಪ್ಟೋಮೈಸಿನ್ ಹಾಕಿ ಆ ಪ್ಲಾಸ್ಮಿಡ್ ಬೆಳೆಸಿದರೆ ಅದರ ಮೇಲೆ ಕೂತ ಬೀಟಾ ಲ್ಯಾಕ್ಟಮೇಸ್ ಕೂಡ ಬೆಳೆದ ಹಾಗೆಯೇ. ಇದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ ವಿಷಯ. ರೋಗ ಇಲ್ಲದ ಗದ್ದೆಯ ಬೀಜ ಹುಡುಕಿ, ಅದೇ ಜಾಗಕ್ಕೆ ಮತ್ತೆ ಶುಂಠಿ ಹಾಕಬೇಡಿ, ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆಯಿರಿ.

ತೋಟದಮನೆ, ಕೊಪ್ಪ

ಮೆರೋಪೆನೆಮ್ ಕೊನೇ ಅಸ್ತ್ರ ಅಂತ ಎಲ್ಲೋ ಓದಿದ್ದೆ. ಅದನ್ನೂ ಮುರಿಯುವ ಕಿಣ್ವ ಇದೆಯಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಇದೆ. ಎನ್‌ಡಿಎಂ-1. ‘ಎನ್‌ಡಿ’ ಅಂದರೆ ನ್ಯೂ ಡೆಲ್ಲಿ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಹೋದ ಒಬ್ಬ ರೋಗಿಯಲ್ಲಿ 2008ರಲ್ಲಿ ಸಿಕ್ಕಿತು, 2010ರಲ್ಲಿ ಆ ಹೆಸರಿನ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ಇದರಲ್ಲಿ ಸೆರೀನ್ ಬದಲು ಸತುವಿನ ಅಯಾನು ಉಂಗುರ ಮುರಿಯುವ ಕೆಲಸಕ್ಕೆ ನಿಲ್ಲುತ್ತದೆ. ಹಾಗಾಗಿ ಕ್ಲಾವುಲಾನಿಕ್ ಆಸಿಡ್ ಇದಕ್ಕೆ ನಾಟುವುದಿಲ್ಲ. ಅಜ್ಟ್ರಿಯೊನಾಮ್ ಅನ್ನುವ ಔಷಧಿಯನ್ನು ಮಾತ್ರ ಇದು ಮುರಿಯಲಾರದು, ಆದರೆ ಜೊತೆಗಿರುವ ಇಎಸ್‌ಬಿಎಲ್ ಮುರಿಯುತ್ತದೆ. ಅದಕ್ಕೇ ಈಗ ಅಜ್ಟ್ರಿಯೊನಾಮ್ ಜೊತೆ ಅವಿಬ್ಯಾಕ್ಟಮ್ ಸೇರಿಸಿ ಕೊಡುತ್ತಾರೆ, ಅವಿಬ್ಯಾಕ್ಟಮ್ ಇಎಸ್‌ಬಿಎಲ್‌ನ ಬಾಯಿ ಕಟ್ಟುತ್ತದೆ. 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ತೀರಿಕೊಂಡರು ಅನ್ನುವುದು ಒಂದು ದೊಡ್ಡ ಅಧ್ಯಯನದ ಅಂದಾಜು. ಮೆರೋಪೆನೆಮ್ ಎದುರೂ ‘ಆರ್’ ಅಂತ ಬರೆಯಬೇಕಾದ ದಿನ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಹೊಳೆದಂಡೆ, ತೀರ್ಥಹಳ್ಳಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೂರನೇ ದಿನಕ್ಕೆ ಜ್ವರ ಬಿಟ್ಟಿತ್ತು. ನಿನ್ನೆ ಡಿಸ್ಚಾರ್ಜ್. ದಬ್ಬೆ ಬೇಲಿ ಕತೆಯನ್ನು ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿದರು. ಇವತ್ತು ಬೆಳಿಗ್ಗೆ ಗಂಜಿ ಕುಡಿದು ಅಂಗಳಕ್ಕೆ ಬಂದು ಕೂತಿದ್ದಾರೆ. ಚಿಕ್ಕಪ್ಪನಿಗೂ ಅವರೇ ಫೋನ್ ಮಾಡಿ ‘ಒಗ್ಗಿದ್ದು ನನಗಲ್ಲ’ ಅಂತ ಹೇಳಿದರು. ಒಂದೇ ಪ್ರಶ್ನೆ ಅಕ್ಕಾ. ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯಾ ಅಂತ ಮತ್ತೆ ಕಲ್ಚರ್ ಮಾಡಿಸಬೇಕಾ?

ಲ್ಯಾಬ್ ಅಕ್ಕ, ಶಿವಮೊಗ್ಗ

ಉರಿ, ಜ್ವರ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಸಕ್ಕರೆ ಕಾಯಿಲೆ ಇರುವ ವಯಸ್ಸಾದ ಹೆಂಗಸರ ಮೂತ್ರದಲ್ಲಿ ತೊಂದರೆ ಇಲ್ಲದೆಯೂ ಬ್ಯಾಕ್ಟೀರಿಯಾ ಸಿಗುತ್ತದೆ. ರಿಪೋರ್ಟ್ ನೋಡಿ ಹೆದರಿ ಮತ್ತೆ ಮಾತ್ರೆ ಶುರು ಮಾಡಿದರೆ ಹೊಟ್ಟೆಯಲ್ಲಿ ಮತ್ತೆ ಅದೇ ಕತೆ. ಸಕ್ಕರೆ ಹಿಡಿತದಲ್ಲಿರಲಿ, ನೀರು ಕುಡಿಯಲಿ. ಮತ್ತೆ ಉರಿ ಕಂಡರೆ ಮಾತ್ರೆ ನುಂಗುವ ಮೊದಲು ಮೂತ್ರ ಕಲ್ಚರ್‌ಗೆ ಕೊಡು, ನುಂಗಿದ ಮೇಲೆ ಕೊಟ್ಟರೆ ನಮ್ಮ ತಟ್ಟೆಯಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಈ ರಿಪೋರ್ಟನ್ನು ಎಸೆಯಬೇಡ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಅದನ್ನು ತೋರಿಸು.